ಕುಂಡಲ್ ರೋಡಿನ ಇಬ್ಬರು ಕಾವಲುಗಾರರು

ಡೊಂಬಿವಲಿ ಎಂಐಡಿಸಿಯಲ್ಲಿ ದುಡಿಯುವ ನಮ್ಮಂಥವರಿಗೆ ಕಿರ್ಲೋಸ್ಕರ್ ಎಂದರೆ ಒಂದು ಪಂಪು. ಫೇಸ್ ಒಂದಿರಲಿ ಎರಡಿರಲಿ, ಕೆಮಿಕಲ್ ಕಂಪನಿ ಇರಲಿ ಬಟ್ಟೆಗೆ ಬಣ್ಣ ಹಾಕುವ ಘಟಕ ಇರಲಿ, ಪಂಪ್ ಹೌಸಿಗೆ ಕಾಲಿಟ್ಟರೆ ಎಣ್ಣೆ, ಧೂಳು ಮೆತ್ತಿಕೊಂಡ ಆ ಹೆಸರು ಎಲ್ಲೋ ಒಂದು ಕಡೆ ಕಣ್ಣಿಗೆ ಬೀಳುತ್ತದೆ. ಊರಲ್ಲಿ ಹೊಲವಿದ್ದವರಿಗೆ ಅದು ಬಾವಿಯ ದಂಡೆಯ ಎಂಜಿನ್ನಿನ ಹೆಸರು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದ, ಆತ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಎಂದರೆ ಇಲ್ಲಿನ ಕನ್ನಡದ ಗೆಳೆಯರೇ ಹುಬ್ಬೇರಿಸುತ್ತಾರೆ.

ವರ್ಷಕ್ಕೊಮ್ಮೆಯಾದರೂ ನಮ್ಮಂಥ ಕಾರ್ಖಾನೆಗಳಿಗೆ ತರಬೇತಿ ಕೊಡುವವರು ಬರುತ್ತಾರೆ. ಪರದೆಯ ಮೇಲೆ ನಾಯಕತ್ವ, ನಂಬಿಕೆ, ತಂಡ ಎಂಬ ಮಾತುಗಳು ಓಡುತ್ತವೆ. ಚಹಾ, ಸಮೋಸ ಆಗುತ್ತದೆ. ಸಂಜೆ ಗೇಟಿನಲ್ಲಿ ಕಾಂಟ್ರ್ಯಾಕ್ಟ್ ಕಾರ್ಮಿಕನ ಊಟದ ಡಬ್ಬಿ ತೆರೆಸಿ ನೋಡುತ್ತಾರೆ, ಸಾಹೇಬರ ಕಾರು ಸುಮ್ಮನೆ ಹೊರಗೆ ಹೋಗುತ್ತದೆ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ, ಕಳ್ಳತನ ಆಗುವುದೂ ನಿಜ. ಆದರೆ ಕೆಲಸದ ಜಾಗದಲ್ಲಿ ನಂಬಿಕೆ ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಪರದೆಯಲ್ಲ, ಲಕ್ಷ್ಮಣರಾವ್ ಕಿರ್ಲೋಸ್ಕರ್. ತಮ್ಮ ಕಾರ್ಖಾನೆಯ ರಾತ್ರಿ ಕಾವಲಿಗೆ ಅವರು ಯಾರನ್ನು ನೇಮಿಸಿಕೊಂಡರು ಎಂಬ ಸಂಗತಿ.

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು. ಮನೆಮಾತು ಮರಾಠಿ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಕೂಡ ಇದೇ ಮನೆತನ, ಇದೇ ಗುರ್ಲಹೊಸೂರು. ಒಂದು ಸಣ್ಣ ಹಳ್ಳಿ ಪುಣೆ-ಮುಂಬೈಗಳಿಗೆ ರಂಗಭೂಮಿಯನ್ನೂ ಕೊಟ್ಟಿತು, ಕಬ್ಬಿಣದ ರಂಟೆಯನ್ನೂ ಕೊಟ್ಟಿತು. ಗಡಿಯ ಈಚೆ ಆಚೆ ಎಂದು ಜಗಳವಾಡುವಾಗ ನಾವು ಇಂಥದ್ದನ್ನು ಮರೆತುಬಿಡುತ್ತೇವೆ.

ಹುಡುಗನಿಗೆ ಶಾಲೆಯ ಓದು ಅಷ್ಟಕ್ಕಷ್ಟೆ. ಚಿತ್ರ ಬಿಡಿಸುವುದು, ಯಂತ್ರಗಳನ್ನು ಬಿಚ್ಚಿ ನೋಡುವುದು ಇವೆರಡೇ ಹುಚ್ಚು. ತಂದೆಗೆ ಇದು ಹಿಡಿಸಲಿಲ್ಲ. ಅಣ್ಣ ರಾಮುವಣ್ಣ ಮಾತ್ರ ಬೆನ್ನಿಗೆ ನಿಂತು, ಕೈಯಿಂದ ಹಣ ಹಾಕಿ ತಮ್ಮನನ್ನು 1885ರಲ್ಲಿ ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಸೇರಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಲಕ್ಷ್ಮಣರಾಯರಿಗೆ ಕೆಲವು ಬಣ್ಣಗಳ ನಡುವಿನ ವ್ಯತ್ಯಾಸವೇ ಕಾಣುವುದಿಲ್ಲ ಎಂದು ಗೊತ್ತಾಯಿತು. ಚಿತ್ರಕಾರನಾಗಲು ಬಂದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೆ? ಊರಿಗೆ ವಾಪಸಾಗಬಹುದಿತ್ತು. ಬಣ್ಣ ಬೇಡದ, ಬರೀ ಗೆರೆಯಲ್ಲೇ ಮುಗಿಯುವ ಮೆಕ್ಯಾನಿಕಲ್ ಡ್ರಾಯಿಂಗ್ ಹಿಡಿದರು. ಆ ಕಾಲಕ್ಕೆ ಬೈಕುಲ್ಲಾದಲ್ಲಿದ್ದ ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇವತ್ತಿನ ಮಾಟುಂಗಾದ ವಿಜೆಟಿಐಯಲ್ಲಿ, ಅದೇ ವಿಷಯದ ಮೇಷ್ಟರಾದರು. ಪಾಠ ಮುಗಿದ ಮೇಲೆ ಅಲ್ಲಿನ ವರ್ಕ್‌ಶಾಪಿಗೆ ಹೋಗಿ ಯಂತ್ರಗಳ ಮುಂದೆ ನಿಂತು ಕೆಲಸ ಕಲಿತರು. ಎಂಜಿನಿಯರಿಂಗ್ ಪದವಿ ಅವರಿಗೆ ಇರಲಿಲ್ಲ. ಮುಂದೆ ಅವರು ಜನರನ್ನು ಆರಿಸಿಕೊಂಡ ರೀತಿಗೂ ಇದಕ್ಕೂ ನಂಟಿದೆ ಎಂಬುದು ನನ್ನ ಅಂದಾಜು. ಕಾಗದವಿಲ್ಲದೆ ಕೆಲಸ ಕಲಿತವನಿಗೆ ಇನ್ನೊಬ್ಬನ ಕಾಗದ ಕೇಳುವ ಚಟ ಕಡಿಮೆ.

ಮುಂಬೈಯಲ್ಲಿ ಮೊದಲ ಬಾರಿ ಸೈಕಲ್ ಕಂಡರು. 1888ರಲ್ಲಿ ಅಣ್ಣತಮ್ಮ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ತಮ್ಮ ಮುಂಬೈಯಲ್ಲಿ ಕೊಂಡು ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು, ಕೊಂಡವರಿಗೆ ಓಡಿಸಲು ಕಲಿಸುವುದು. ಇಬ್ಬರ ನಡುವೆ ರಾತ್ರಿಯಿಡೀ ರೈಲು ಓಡುವಷ್ಟು ದೂರ, ಲೆಕ್ಕ ಕೇಳುವವರು ಯಾರೂ ಇಲ್ಲ. ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರಿನಲ್ಲಿರುವ ಅಣ್ಣತಮ್ಮಂದಿರು ಇವರೇ. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆಯಲ್ಲಿ ಓಡಾಡಿದವರಿಗೆ ಹೆಸರು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಮೇಷ್ಟರ ಕೆಲಸ ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ತಮಗೆ ಬರಬೇಕಾಗಿದ್ದ ಬಡ್ತಿಯನ್ನು ಸಂಸ್ಥೆ ಒಬ್ಬ ಆಂಗ್ಲೋ ಇಂಡಿಯನ್‌ಗೆ ಕೊಟ್ಟಿತು. ಲಕ್ಷ್ಮಣರಾಯರು ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ನಾವು ಊರು ಬಿಟ್ಟು ಮುಂಬೈ ಕಡೆ ಬಂದವರು, ಅವರು ಮುಂಬೈ ಬಿಟ್ಟು ಊರಿಗೆ ಹೋದವರು. ಬಡ್ತಿ ತಪ್ಪಿದಾಗ ನಮ್ಮಲ್ಲಿ ಎಷ್ಟು ಜನ ಲ್ಯಾಪ್‌ಟಾಪ್ ಮುಚ್ಚಿ ಊರಿನ ರೈಲು ಹತ್ತುತ್ತೇವೆ? ಗೃಹಸಾಲದ ಕಂತು ಹತ್ತಲು ಬಿಡುವುದಿಲ್ಲ, ಅದು ಬೇರೆ ಮಾತು.

ಬೆಳಗಾವಿಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಶುರುವಾಯಿತು. ದನದ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ರಂಟೆ. ರಂಟೆ ತಯಾರಾಯಿತು, ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂಬ ಅಂಜಿಕೆ ರೈತರಲ್ಲಿತ್ತು. ಮೊದಲ ರಂಟೆ ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷ! ಇವತ್ತಿನ ಲೆಕ್ಕದಲ್ಲಿ ಎಂಟು ತ್ರೈಮಾಸಿಕ, ಅಷ್ಟರಲ್ಲಿ ನಮ್ಮ ಕಂಪನಿಗಳಲ್ಲಿ ಮೂವರು ಮಾರ್ಕೆಟಿಂಗ್ ಮುಖ್ಯಸ್ಥರು ಬದಲಾಗಿರುತ್ತಾರೆ. ರೈತರು ಮೂಢರು ಎಂದು ನಗುವುದು ಸುಲಭ. ಒಂದೇ ಒಂದು ತುಂಡು ಹೊಲವಿದ್ದವನು ಅಪರಿಚಿತ ಮೇಷ್ಟರ ಮಾತು ಕೇಳಿ ಅದನ್ನು ಪಣಕ್ಕಿಡಲಾರ. ಲಕ್ಷ್ಮಣರಾಯರು ರೈತರ ಮೇಲೆ ಸಿಟ್ಟು ಮಾಡಿಕೊಂಡು ಬೇರೆ ಧಂದೆಗೆ ಹೋಗಲಿಲ್ಲ, ಕಾದರು. ರಂಟೆ ಕೆಟ್ಟದ್ದಲ್ಲ ಎಂದು ಹೇಳಬೇಕಾದದ್ದು ಹೊಲವೇ ಹೊರತು ತಾವಲ್ಲ ಎಂಬುದು ಅವರಿಗೆ ಗೊತ್ತಿದ್ದಂತೆ ಕಾಣುತ್ತದೆ.

ಅಷ್ಟಿಷ್ಟು ಕೈಹಿಡಿಯಿತು ಎನ್ನುವಾಗ, 1910ರ ಜನವರಿಯಲ್ಲಿ, ಬೆಳಗಾವಿ ಪುರಸಭೆಯ ಆದೇಶ ಬಂತು. ಕಾರ್ಖಾನೆ ಆ ಜಾಗದಲ್ಲಿ ಉಳಿಯುವಂತಿರಲಿಲ್ಲ. ವಯಸ್ಸು ನಲವತ್ತು ದಾಟಿತ್ತು, ಹೆಂಡತಿ ಮಕ್ಕಳಿದ್ದರು, ಯಂತ್ರಗಳನ್ನು ಇಡಲು ನೆಲವಿಲ್ಲ.

ಕೈಹಿಡಿದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ್ ಪಂತಪ್ರತಿನಿಧಿ. ಇವತ್ತಿನ ಸಾತಾರಾ, ಸಾಂಗ್ಲಿ ಜಿಲ್ಲೆಗಳಲ್ಲಿ ತುಂಡುತುಂಡಾಗಿ ಹರಡಿದ್ದ ಪುಟ್ಟ ಸಂಸ್ಥಾನ ಅದು. ರಾಜರು ಗದ್ದುಗೆಯೇರಿದ್ದು ಹಿಂದಿನ ವರ್ಷವಷ್ಟೇ. ಅವರೂ ಚಿತ್ರಕಾರರು, ಸೂರ್ಯನಮಸ್ಕಾರದ ದೊಡ್ಡ ಪ್ರಚಾರಕರು. ಲಕ್ಷ್ಮಣರಾಯರ ಪರಿಚಯ ಮೊದಲಿಂದ ಇತ್ತು. ಕುಂಡಲ್ ರೋಡ್ ಎಂಬ ಚಿಕ್ಕ ರೈಲ್ವೆ ಸ್ಟೇಷನ್ನಿನ ಹತ್ತಿರ 32 ಎಕರೆ ಜಾಗ ಕೊಟ್ಟರು, ಬಂಡವಾಳಕ್ಕೆ ಸಾಲವನ್ನೂ ಕೊಟ್ಟರು. ಪದವಿ ಇಲ್ಲದ, ಒಂದು ಕಡೆ ಬಡ್ತಿ ತಪ್ಪಿದ, ಇನ್ನೊಂದು ಕಡೆಯಿಂದ ಎಬ್ಬಿಸಲ್ಪಟ್ಟ ಮನುಷ್ಯನಿಗೆ ಯಾವ ಬ್ಯಾಂಕ್ ಸಾಲ ಕೊಟ್ಟೀತು? ರಾಜರು ಕೊಟ್ಟದ್ದು ಬರೀ ಮನುಷ್ಯನ ಮುಖ ನೋಡಿ.

ಜಾಗವೇನೋ ಸಿಕ್ಕಿತು. ನೀರಿಲ್ಲದ ಬರಡು ನೆಲ, ತುಂಬ ಪಾಪಾಸುಕಳ್ಳಿ, ಕಳ್ಳಿಯ ಬುಡದಲ್ಲಿ ನಾಗರಹಾವು. ಇಪ್ಪತ್ತೈದು ಜನ ಕೆಲಸಗಾರರು ತಮ್ಮ ಸಂಸಾರ ಕಟ್ಟಿಕೊಂಡು ಅಲ್ಲಿಗೆ ಬಂದರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಆಶ್ಚರ್ಯ ತರುವುದು ಇದು. ಮುಳುಗುವ ಹಾಗಿದ್ದ ಕಂಪನಿಯ ಹಿಂದೆ ಹೆಂಡತಿ ಮಕ್ಕಳ ಸಮೇತ ಹಾವಿನ ಹುತ್ತದ ಬಯಲಿಗೆ ಯಾರು ಬರುತ್ತಾರೆ? ಮಾಲೀಕನೂ ತನ್ನ ಹೆಂಡತಿ ಮಕ್ಕಳನ್ನು ಅದೇ ಬಯಲಿನಲ್ಲಿ ಇರಿಸಿದ್ದ ಎನ್ನುವುದು ಅದಕ್ಕೆ ಅರ್ಧ ಉತ್ತರ. ಮುಂದೆ ದೊಡ್ಡ ಉದ್ಯಮಿಯಾಗಿ ಹೆಸರು ಮಾಡಿದ ಮಗ ಶಂತನುರಾವ್ 1903ರಲ್ಲಿ ಹುಟ್ಟಿದವರು, ಅಲ್ಲಿಗೆ ಬಂದಾಗ ಇನ್ನೂ ಸಣ್ಣ ಹುಡುಗ.

ಕಳ್ಳಿ ಕಡಿದು, ನೆಲ ಸಮ ಮಾಡಿ, ಕಾರ್ಖಾನೆ, ಮನೆ, ರಸ್ತೆ ಎಂದು ಕಟ್ಟತೊಡಗಿದರು. ಊರಿಗೆ ಕಿರ್ಲೋಸ್ಕರವಾಡಿ ಎಂಬ ಹೆಸರು ನಿಂತಿತು. ಯಾರ ಕೈಗೆ ಯಾವ ಕೆಲಸ ಹೋಯಿತು ಎಂದು ನೋಡಿದರೆ ಇವತ್ತಿನ ಎಚ್‌ಆರ್ ವಿಭಾಗದವರಿಗೆ ತಲೆ ತಿರುಗಬೇಕು. ಊರು ಕಟ್ಟುವ, ನಡೆಸುವ ಹೊಣೆ ಅಣ್ಣ ರಾಮುವಣ್ಣನದು. ಶಂಭುರಾವ್ ಜಾಂಭೇಕರ್ ಎಂಜಿನಿಯರ್ ಕೆಲಸಕ್ಕೆ, ಮಂಗೇಶರಾವ್ ರೇಗೆ ಲೆಕ್ಕಪತ್ರಕ್ಕೆ. ಇಷ್ಟು ಸರಿ. ಅನಂತರಾವ್ ಫಳಣೀಕರ್ ಶಾಲೆಯನ್ನು ಅರ್ಧಕ್ಕೆ ಬಿಟ್ಟವರು, ಅವರಿಗೆ ಯಂತ್ರ ರೂಪಿಸುವ ಕೆಲಸ. ಕೆ.ಕೆ. ಕುಲಕರ್ಣಿ ಎಂಬವರು ಎಲ್ಲಿಯೂ ನೆಲೆ ನಿಲ್ಲದೆ ಹತ್ತು ಕೆಲಸ ಮಾಡಿ ಹತ್ತನ್ನೂ ಬಿಟ್ಟವರು, ಅವರೇ ಮ್ಯಾನೇಜರ್.

ಕೊನೆಗೆ ಕಾವಲು. ರಾತ್ರಿ ಕಾವಲಿಗೆ ಲಕ್ಷ್ಮಣರಾಯರು ನೇಮಿಸಿಕೊಂಡದ್ದು ತುಕಾರಾಮ ರಾಮೋಶಿ, ಪಿರ್ಯಾ ಮಾಂಗ ಎಂಬಿಬ್ಬರನ್ನು. ಇಬ್ಬರೂ ಅಪರಾಧ ಸಾಬೀತಾಗಿ ಶಿಕ್ಷೆಗೊಳಗಾಗಿದ್ದವರು.

ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ರಾಮೋಶಿಗಳು ಹಿಂದೆ ಮರಾಠಿ ಸೀಮೆಯ ಹಳ್ಳಿಗಳಲ್ಲಿ ಕಾವಲಿನ ಕೆಲಸ ಮಾಡುತ್ತಿದ್ದವರು. ಬ್ರಿಟಿಷರ ಆಡಳಿತ ಬಂದ ಮೇಲೆ ಆ ಕೆಲಸ ತಪ್ಪಿತು, ಹೊಟ್ಟೆಪಾಡು ತಪ್ಪಿತು, ದಂಗೆಯಾಯಿತು, ಜಾತಿಗೇ ಕಳ್ಳರ ಹಣೆಪಟ್ಟಿ ಬಿತ್ತು. ಅಪರಾಧಿ ಬುಡಕಟ್ಟುಗಳ ಕಾಯ್ದೆ 1871ರಲ್ಲಿ ಬಂದು 1911ರಲ್ಲಿ ಇನ್ನಷ್ಟು ಬಿಗಿಯಾಯಿತು. ಹುಟ್ಟಿದ ಕಾರಣಕ್ಕೇ ಮನುಷ್ಯ ಠಾಣೆಗೆ ಹಾಜರಿ ಹಾಕಬೇಕು. ನಮ್ಮ ಹುಬ್ಬಳ್ಳಿಯಲ್ಲಿ, ಸೊಲ್ಲಾಪುರದಲ್ಲಿ ಇಂಥ ಜಾತಿಗಳವರನ್ನು ತಂತಿಬೇಲಿಯೊಳಗೆ ಇಟ್ಟು ಗಿರಣಿಗಳಲ್ಲಿ ದುಡಿಸುತ್ತಿದ್ದರು. ಹುಬ್ಬಳ್ಳಿಯವರ ಬಾಯಲ್ಲಿ ಸೆಟ್ಲ್‌ಮೆಂಟ್ ಎಂಬ ಹೆಸರು ಇವತ್ತಿಗೂ ಇದೆ. ಆ ಕಾಯ್ದೆ ತೊಲಗಿದ್ದು ಸ್ವಾತಂತ್ರ್ಯದ ನಂತರ, 1952ರಲ್ಲಿ.

ಸರ್ಕಾರ ಬೇಲಿ ಹಾಕಿ ಕಾಯುತ್ತಿದ್ದ ಸಮುದಾಯಗಳ ಮನುಷ್ಯನ ಕೈಗೆ ಲಕ್ಷ್ಮಣರಾಯರು ಬೇಲಿಯ ಕಾವಲು ಕೊಟ್ಟರು. ಅವಕಾಶ ಸಿಕ್ಕರೆ ಕಳ್ಳನೂ ನೆಟ್ಟಗಾಗುತ್ತಾನೆ ಎಂಬುದು ಅವರ ನಂಬಿಕೆಯಾಗಿತ್ತು. ಇಂಥ ನಂಬಿಕೆ ಬಾಯಲ್ಲಿ ಇಟ್ಟುಕೊಂಡವರು ಬೇಕಾದಷ್ಟು ಜನ. ಅವರೂ ಅಂಥವನನ್ನು ಕೆಲಸಕ್ಕೆ ಇಟ್ಟುಕೊಂಡಾರು, ಆದರೆ ಕಸ ಗುಡಿಸಲು, ಕಲ್ಲು ಹೊರಲು, ಕಣ್ಣಳತೆಯಲ್ಲಿ. ಆರು ತಿಂಗಳು ನೋಡೋಣ, ಸರಿಯಿದ್ದರೆ ಮುಂದೆ ನೋಡೋಣ ಎನ್ನುತ್ತಾರೆ. ಅದು ನಂಬಿಕೆಯಲ್ಲ, ಪರೀಕ್ಷೆ. ರಾತ್ರಿ ಕಾವಲು ಬೇರೆಯೇ ಕೆಲಸ. ಎಲ್ಲರೂ ಮಲಗಿದಾಗ ಎಚ್ಚರವಿರುವವನು ಅವನೊಬ್ಬನೇ, ಅವನ ಮೇಲೆ ಕಾವಲಿಲ್ಲ. ಅಲ್ಲಿ ಕಾರ್ಖಾನೆಯ ಸರಕಷ್ಟೇ ಇರಲಿಲ್ಲ. ಲಕ್ಷ್ಮಣರಾಯರ ಪತ್ನಿ ರಾಧಾಬಾಯಿ, ಮಕ್ಕಳು, ಇಪ್ಪತ್ತೈದು ಸಂಸಾರಗಳು ಅದೇ ಬೇಲಿಯೊಳಗೆ ನಿದ್ದೆ ಮಾಡುತ್ತಿದ್ದವು. ನಂಬಿಕೆ ಹುಸಿಯಾಗಿದ್ದರೆ ಮೊದಲ ಪೆಟ್ಟು ಬೀಳುತ್ತಿದ್ದದ್ದು ನಂಬಿದವನ ಮನೆಗೆ. ನನ್ನ ಮಟ್ಟಿಗೆ ನಂಬಿಕೆಯ ಅಳತೆಗೋಲು ಇದು. ನಾನು ನಿನ್ನನ್ನು ನಂಬುತ್ತೇನೆ ಎನ್ನುವ ಮೇಲಧಿಕಾರಿ ತನ್ನದೇನನ್ನು ಪಣಕ್ಕಿಟ್ಟಿದ್ದಾನೆ ಎಂದು ಕೇಳಬೇಕು. ಏನೂ ಇಲ್ಲದಿದ್ದರೆ ಅದು ಬರೀ ಸವಿಮಾತು.

ಕಿರ್ಲೋಸ್ಕರವಾಡಿಯೊಳಗೆ ಅಸ್ಪೃಶ್ಯತೆಗೆ ಜಾಗವಿಲ್ಲ ಎಂದು ನಿಯಮ ಮಾಡಿದ್ದೂ ಇದರ ಜೊತೆಗೆ ಸೇರಿಸಿ ನೋಡಬೇಕಾದ ಸಂಗತಿ. ಮುಟ್ಟಬಾರದವನು ಎಂದು ಹೊರಗೆ ನಿಲ್ಲಿಸಿದವನನ್ನು ಕಾವಲಿಗೆ ನಂಬುತ್ತೇವೆ ಎಂದರೆ ಅರ್ಥವಿಲ್ಲ. ಹಾಗೆಂದು ಅದನ್ನು ಸ್ವರ್ಗ ಎಂದು ಬಣ್ಣಿಸುವುದೂ ಬೇಡ. ಜಾಗ ಮಾಲೀಕರದು, ಮನೆ ಮಾಲೀಕರದು, ನಿಯಮ ಮಾಲೀಕರದು. ಒಳ್ಳೆಯ ಯಜಮಾನ ಇದ್ದಾಗ ಇಂಥ ಊರು ಚೆನ್ನಾಗಿ ನಡೆಯುತ್ತದೆ, ಆದರೆ ಯಜಮಾನನ ಒಳ್ಳೆಯತನದ ಮೇಲೆ ಕೆಲಸಗಾರನ ಬದುಕು ನಿಂತಿರುವುದು ಒಳ್ಳೆಯದೇ ಎಂಬ ಪ್ರಶ್ನೆ ಉಳಿಯುತ್ತದೆ. ಯೂನಿಯನ್ನು, ಕಾನೂನು ಬಂದದ್ದು ಸುಮ್ಮನೆ ಅಲ್ಲ.

ಮುಂದಿನ ವರ್ಷಗಳ ಕಥೆ ಬೆಳವಣಿಗೆಯದು, ಬೇಗ ಹೇಳಿ ಮುಗಿಸುತ್ತೇನೆ. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಅಣ್ಣತಮ್ಮಂದಿರ ಮುಂದಿನ ಪೀಳಿಗೆಯ ಶಂಕರರಾವ್ ಶುರುಮಾಡಿದ ಪುಟ್ಟ ಪತ್ರಿಕೆ ಮುಂದೆ ಮರಾಠಿಯ ದೊಡ್ಡ ಮಾಸಿಕವಾಯಿತು. ಶಂತನುರಾವ್ ಅಮೆರಿಕದ ಎಂಐಟಿಯಿಂದ 1926ರಲ್ಲಿ ಎಂಜಿನಿಯರಾಗಿ ಬಂದರು. ರಂಟೆಯ ಜೊತೆಗೆ ಪಂಪು, ಕಬ್ಬಿನ ಗಾಣ, ಲೇಥ್ ಸೇರಿದವು. 1941ರಲ್ಲಿ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್. ಬೆಳಗಾವಿಯಿಂದ ಎದ್ದು ಹೋದ ಹೆಸರು ಹೀಗೆ ಬೇರೆ ದಾರಿಯಿಂದ ಕನ್ನಡನಾಡಿಗೆ ಮರಳಿತು.

ಔಂಧಿನ ರಾಜರನ್ನು ಇಲ್ಲಿಗೇ ಬಿಟ್ಟರೆ ಅನ್ಯಾಯವಾದೀತು. ಲಕ್ಷ್ಮಣರಾಯರಿಗೆ ನೆಲ ಕೊಟ್ಟ ಅದೇ ಬಾಳಾಸಾಹೇಬರು 1938ರಲ್ಲಿ ತಮ್ಮ ರಾಜ್ಯಾಧಿಕಾರವನ್ನೇ ಪ್ರಜೆಗಳ ಕೈಗೆ ಕೊಡುವುದಾಗಿ ಘೋಷಿಸಿದರು. ಗಾಂಧೀಜಿಯವರ ಸಲಹೆಯಲ್ಲಿ ಮರುವರ್ಷ ಸಂವಿಧಾನ ಜಾರಿಯಾಯಿತು. ಇದರ ಹಿಂದೆ ಓಡಾಡಿದವರಲ್ಲಿ ಮಾರಿಸ್ ಫ್ರೀಡ್‌ಮನ್ ಒಬ್ಬರು. ಪೋಲೆಂಡಿನ ಯಹೂದಿ ಎಂಜಿನಿಯರ್, ಮೈಸೂರು ಸಂಸ್ಥಾನದ ಕರೆಗೆ ಬಂದು ಬೆಂಗಳೂರಿನ ಸರ್ಕಾರಿ ವಿದ್ಯುತ್ ಉಪಕರಣಗಳ ಕಾರ್ಖಾನೆ ನಡೆಸುತ್ತಿದ್ದವರು. ಅವರ ಆಸಕ್ತಿಯಿಂದ ಔಂಧಿನ ಆಟಪಾಡಿ ಬಳಿ ಸ್ವತಂತ್ರಪುರ ಎಂಬ ಗೋಡೆಯಿಲ್ಲದ ಜೈಲು ಶುರುವಾಯಿತು. ಕೈದಿಗಳು ಬೇಸಾಯ ಮಾಡಿಕೊಂಡು ಇರುವುದು. ವಿ. ಶಾಂತಾರಾಮ್ 1957ರಲ್ಲಿ ತೆಗೆದ ದೋ ಆಂಖೇ ಬಾರಹ್ ಹಾಥ್ ಚಿತ್ರಕ್ಕೆ ಪ್ರೇರಣೆ ಈ ಪ್ರಯೋಗವೇ. ಕಿರ್ಲೋಸ್ಕರವಾಡಿಯ ಇಬ್ಬರು ಕಾವಲುಗಾರರಿಂದಲೇ ಸ್ವತಂತ್ರಪುರ ಹುಟ್ಟಿತು ಎಂದು ನಾನು ಹೇಳಲಾರೆ. ಒಂದೇ ಪುಟ್ಟ ಸಂಸ್ಥಾನದಲ್ಲಿ ಎರಡೂ ನಡೆದವು ಎಂಬುದಷ್ಟೇ ನಿಜ.

ಇಷ್ಟೆಲ್ಲ ಇವತ್ತು ಎಂಐಡಿಸಿಯಲ್ಲಿ ಕೂತು ಯಾಕೆ ಬರೆಯುತ್ತಿದ್ದೇನೆ? ನನ್ನ ಕೆಲಸ ಸುರಕ್ಷತೆಯದು. ಈ ಪ್ರದೇಶದ ಜನ 2016ರ ಮೇ 26ನ್ನೂ 2024ರ ಮೇ 23ನ್ನೂ ಮರೆತಿಲ್ಲ. ಎರಡೂ ದಿನ ಇಲ್ಲಿ ಕಾರ್ಖಾನೆಗಳಲ್ಲಿ ಸ್ಫೋಟವಾಗಿ ಜೀವಗಳು ಹೋದವು, ದೂರದ ಮನೆಗಳ ಕಿಟಕಿ ಗಾಜು ಪುಡಿಯಾದವು. ಅವುಗಳ ಕಾರಣ ಹೇಳುವುದು ತನಿಖೆ ಮಾಡಿದವರ ಕೆಲಸ, ನನ್ನದಲ್ಲ. ನಾನು ಹೇಳಬಹುದಾದದ್ದು ರಾತ್ರಿ ಪಾಳಿಯ ಬಗ್ಗೆ. ಎರಡು ಗಂಟೆಯ ರಾತ್ರಿ ರಿಯಾಕ್ಟರಿನ ಮುಂದೆ ನಿಂತ ಹುಡುಗನಿಗೆ ಮುಳ್ಳು ಏರುತ್ತಿರುವುದು ಕಾಣುತ್ತದೆ, ಗ್ಲ್ಯಾಂಡಿನಿಂದ ಹನಿಯುತ್ತಿರುವುದು ಕಾಣುತ್ತದೆ. ಅವನು ಫೋನ್ ಎತ್ತಬೇಕು. ಎತ್ತಿದರೆ ಬ್ಯಾಚ್ ನಿಲ್ಲುತ್ತದೆ, ನಿಂತರೆ ಬೆಳಿಗ್ಗೆ ಯಾರ ತಪ್ಪು ಎಂಬ ವಿಚಾರಣೆ, ವಿಚಾರಣೆಯಲ್ಲಿ ಕಾಂಟ್ರ್ಯಾಕ್ಟ್ ಹುಡುಗನ ಗೇಟ್ ಪಾಸ್ ಮೊದಲು ಹೋಗುತ್ತದೆ ಎಂದು ಅವನಿಗೆ ಗೊತ್ತಿದ್ದರೆ ಅವನು ಫೋನ್ ಎತ್ತುವುದಿಲ್ಲ. ಇನ್ನು ಹತ್ತು ನಿಮಿಷ ನೋಡೋಣ ಎಂದುಕೊಳ್ಳುತ್ತಾನೆ. ಸ್ವಲ್ಪದರಲ್ಲಿ ತಪ್ಪಿದ ಅನಾಹುತಗಳನ್ನು ಬರೆಯುವ ರಿಜಿಸ್ಟರ್ ವರ್ಷವಿಡೀ ಖಾಲಿ ಇರುವ ಕಾರ್ಖಾನೆ ಕಂಡರೆ ನನಗೆ ಸಮಾಧಾನವಾಗುವುದಿಲ್ಲ, ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ.

ಆ ಹುಡುಗನೂ ಒಂದು ರೀತಿಯಲ್ಲಿ ರಾತ್ರಿ ಕಾವಲುಗಾರ. ಎಲ್ಲರೂ ಮಲಗಿದಾಗ ಎಚ್ಚರವಿರುವವನು. ಅವನ ಸುತ್ತ ಎಷ್ಟು ಕ್ಯಾಮೆರಾ ಹಾಕಿದರೂ ಹನಿಯುವ ಗ್ಲ್ಯಾಂಡ್ ಮೊದಲು ಕಾಣುವುದು ಅವನ ಕಣ್ಣಿಗೇ. ಕೆಲವು ಕಡೆ ಇದನ್ನು ಅರಿತ ಪ್ಲಾಂಟ್ ಮ್ಯಾನೇಜರುಗಳೂ ಇದ್ದಾರೆ. ಅಪಾಯ ಕಂಡರೆ ಯಂತ್ರ ನಿಲ್ಲಿಸುವ ಅಧಿಕಾರವನ್ನು ಕಟ್ಟಕಡೆಯ ಆಪರೇಟರಿಗೂ ಕೊಡುತ್ತಾರೆ, ನಿಂತ ಬ್ಯಾಚಿನ ನಷ್ಟಕ್ಕೆ ಮೇಲಿನವರ ಮುಂದೆ ತಾವೇ ಉತ್ತರ ಕೊಡುತ್ತಾರೆ. ಇದರಲ್ಲಿ ಮೊದಲರ್ಧ ಹೆಚ್ಚಿನ ಕಂಪನಿಗಳ ಗೋಡೆಯ ಮೇಲೆ ಬರೆದಿರುತ್ತದೆ. ಎರಡನೆಯ ಅರ್ಧ ಮಾಡುವವರು ಕಡಿಮೆ. ತುಕಾರಾಮನಿಗೂ ಪಿರ್ಯಾನಿಗೂ ಸಿಕ್ಕಿದ್ದು ಎರಡನೆಯದು.

ಲಕ್ಷ್ಮಣರಾಯರ ಕೊನೆಗಾಲಕ್ಕೆ ಒಂದು ದೊಡ್ಡ ಏಟು ಕಾದಿತ್ತು. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಕೊಂದವನು ಬ್ರಾಹ್ಮಣ ಎಂಬ ಕಾರಣಕ್ಕೆ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಗುಂಪು ಬೆಂಕಿ ಹಚ್ಚಿತು. ಕಳ್ಳಿ ಕಡಿದು ಕಟ್ಟಿದ್ದು ಕಣ್ಣೆದುರು ಉರಿಯಿತು. ಆಗ ಅವರಿಗೆ 78 ವರ್ಷ. ಈ ಭಾಗವನ್ನು ಬಿಟ್ಟು ಅವರ ಕಥೆ ಹೇಳುವವರಿದ್ದಾರೆ, ನಂಬಿಕೆಯ ಕಥೆಗೆ ಇದು ಹೊಂದುವುದಿಲ್ಲ ಎಂದಿರಬೇಕು. ಬೇಲಿಯೊಳಗೆ ಗಳಿಸಿದ ನಂಬಿಕೆ ಬೇಲಿಯ ಹೊರಗಿನ ಊರಿಗೆ ತಾನಾಗಿ ಹಬ್ಬುವುದಿಲ್ಲ ಎಂಬುದೂ ಇದೇ ಕಥೆಯ ಭಾಗ. ಇಲ್ಲಿ ಗೋಡೆಗೆ ಗೋಡೆ ಹತ್ತಿ ಜನ ವಾಸಿಸುವ ನಮ್ಮ ಎಂಐಡಿಸಿಯವರಿಗಂತೂ ಇದು ತಿಳಿದಿರಬೇಕು. ಕಾರ್ಖಾನೆಯೊಳಗೆ ಏನಿದೆ ಎಂದು ಪಕ್ಕದ ಚಾಳಿನವರಿಗೆ ನಾವು ಎಷ್ಟು ಹೇಳಿದ್ದೇವೆ?

ಕಾರ್ಖಾನೆಯನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿದರು. ಬೇರೆ ಕಡೆಗೆ ಹೋಗಲಿಲ್ಲ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ನೂರನೇ ಹುಟ್ಟುಹಬ್ಬಕ್ಕೆ, 1969ರ ಜೂನ್ 20ರಂದು, ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪ್ ತಂದಿತು.

ಕಲ್ಯಾಣದಲ್ಲಿ ಶರಾವತಿ ಎಕ್ಸ್‌ಪ್ರೆಸ್ ಹತ್ತಿ ಬೆಳಗಾವಿ, ಹುಬ್ಬಳ್ಳಿ ಕಡೆ ಹೋಗುವವರು ಪುಣೆ ದಾಟಿ ಮಿರಜ್ ತಲುಪುವ ಮುಂಚೆ ಆ ಸ್ಟೇಷನ್ನನ್ನು ಹಾದುಹೋಗುತ್ತಾರೆ. ಬೋರ್ಡಿನ ಮೇಲೆ ಈಗ ಕಿರ್ಲೋಸ್ಕರವಾಡಿ ಎಂದಿದೆ. ಕುಂಡಲ್ ರೋಡ್ ಎಂಬ ಹೆಸರು ಹೋಗಿ ಎಷ್ಟೋ ಕಾಲವಾಯಿತು.